ದುಗ್ಗಮ್ಮನ ಜಾತ್ರೆಯ ನೀರು: ಇಂಟರ್ನ್‌ಶಿಪ್‌ನ ನನ್ನ ಅನುಭವ

ಸಾರ್ವಜನಿಕ ಆರೋಗ್ಯ ವಿಷಯದ ಸ್ನಾತಕೋತ್ತರ ವಿದ್ಯಾರ್ಥಿನಿಯಾಗಿ ನಾನು ಇಂಟರ್ನ್‌ಶಿಪ್ ಮಾಡಿದ್ದು ದಾವಣಗೆರೆಯಲ್ಲಿ, ನಗರದೇವತೆ ದುರ್ಗಾಂಬಿಕೆಯ ಜಾತ್ರೆ ನಡೆಯುವ ವರ್ಷದಲ್ಲಿ. ಊರಿನವರು ಪ್ರೀತಿಯಿಂದ ದುಗ್ಗಮ್ಮ ಎಂದು ಕರೆಯುವ ಈ ದೇವಿಯ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಸಾಮಾನ್ಯವಾಗಿ ಅದು ಯುಗಾದಿಗೆ ಮುಂಚಿನ ವಾರಗಳಲ್ಲಿ ಬೀಳುವುದರಿಂದ ಬಯಲುಸೀಮೆಯ ಬಿಸಿಲು ಆಗಲೇ ಏರತೊಡಗಿರುತ್ತದೆ. ಹಂದರಗಂಬದ ಪೂಜೆ ಮುಗಿದ ಮರುದಿನವೇ ನನ್ನ ಕೆಲಸ ಆರಂಭವಾಯಿತು. ಜಾತ್ರೆಯ ದಿನಗಳಲ್ಲಿ ವಾಂತಿಭೇದಿ ಮತ್ತು ಬಿಸಿಲಾಘಾತವನ್ನು ತಡೆಯಲು ಏನೇನು ಸಿದ್ಧತೆ ಬೇಕೆಂಬುದನ್ನು ನಕ್ಷೆಯ ಸಮೇತ ಬರೆದುಕೊಡಬೇಕೆಂದು ನನಗೆ ಮಾರ್ಗದರ್ಶನ ಮಾಡುತ್ತಿದ್ದ ಆರೋಗ್ಯಾಧಿಕಾರಿಗಳು ತಿಳಿಸಿದ್ದರು.

ನಾನು ಮೂರು ದಿನ ಹಳೇ ಪೇಟೆಯಲ್ಲಿ ಅಲೆದು ಒಂದು ನಕ್ಷೆ ಬರೆದೆ. ನಡುವೆ ದೇವಸ್ಥಾನ, ಸುತ್ತಲೂ ಸರದಿ ಸಾಲು ನಿಲ್ಲುವ ದಾರಿಗಳು, ನೀರಿನ ಟ್ಯಾಂಕರ್ ನಿಲ್ಲಿಸುವ ಜಾಗ, ತಾತ್ಕಾಲಿಕ ಚಿಕಿತ್ಸಾ ಕೇಂದ್ರ, 108 ಆಂಬುಲೆನ್ಸ್ ಹೊರಬರುವ ರಸ್ತೆ, ಎಲ್ಲವೂ ಅದರಲ್ಲಿದ್ದವು. ಅದನ್ನು ಆ ಭಾಗದಲ್ಲಿ ಬಹಳ ವರ್ಷಗಳಿಂದ ಕೆಲಸ ಮಾಡುತ್ತಿದ್ದ ಆಶಾ ಕಾರ್ಯಕರ್ತೆಯೊಬ್ಬರಿಗೆ ತೋರಿಸಿದಾಗ ಅವರು ಸ್ವಲ್ಪ ಹೊತ್ತು ನೋಡಿ, "ಚೆನ್ನಾಗೈತ್ರಿ ಮೇಡಂ, ಆದ್ರ ಜನ ಗುಡಿ ಹತ್ರ ಒಂದ್ ತಾಸು ಇರ್ತಾರ, ಮನ್ಯಾಗ ಮೂರು ದಿನ ಇರ್ತಾರ" ಎಂದರು. ನನ್ನ ಇಡೀ ಯೋಜನೆಯ ಕೊರತೆ ಆ ಒಂದು ಮಾತಿನಲ್ಲಿತ್ತು. ದುಗ್ಗಮ್ಮನ ಜಾತ್ರೆಯೆಂದರೆ ಹಳೇ ದಾವಣಗೆರೆಯ ಮನೆಮನೆಗೂ ನೆಂಟರು ಬರುವ ಹಬ್ಬ. ಐದು ಜನರಿರುವ ಮನೆಯಲ್ಲಿ ಇಪ್ಪತ್ತೈದು ಜನ ಉಣ್ಣುತ್ತಾರೆ, ಬಾಡೂಟದ ಅಡುಗೆ ಬೆಳಗಿನಿಂದ ರಾತ್ರಿಯವರೆಗೆ ನಡೆಯುತ್ತದೆ, ಡ್ರಮ್ಮಿನಲ್ಲಿಯೂ ಕೊಳಗದಲ್ಲಿಯೂ ತುಂಬಿಟ್ಟ ನೀರಿಗೆ ಎಲ್ಲರೂ ಚೊಂಬು ಅದ್ದುತ್ತಾರೆ. ನಾನು ಗುಡಿಯ ಸುತ್ತ ಕಾವಲು ಹಾಕಿದ್ದೆ, ಅಪಾಯವೋ ಮನೆಗಳ ಅಡುಗೆಕೋಣೆಯಲ್ಲಿತ್ತು.

ಆ ದಿನದಿಂದ ನಾನು ನೀರಿನ ಜಾಡು ಹಿಡಿದು ನಡೆಯತೊಡಗಿದೆ. ಟ್ಯಾಂಕರ್‌ಗೆ ನೀರು ತುಂಬುವಲ್ಲಿಂದ ಅದು ಬಾಯಿಗೆ ಸೇರುವ ಲೋಟದವರೆಗೆ ಎಲ್ಲೆಲ್ಲಿ ಕೈ ಬದಲಾಗುತ್ತದೆಯೋ ಅಲ್ಲೆಲ್ಲ ನೀರಿನ ಕ್ಲೋರಿನ್ ಅಳೆಯುವ ಕ್ಲೋರೋಸ್ಕೋಪ್ ಹಿಡಿದು ನಿಂತೆ. ಕುಡಿಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್, ಅಂದರೆ ರೋಗಾಣುಗಳನ್ನು ಕೊಂದ ಮೇಲೂ ಮಿಕ್ಕಿರುವ ಕ್ಲೋರಿನ್, ಇರಬೇಕು, ರೋಗ ಹರಡುವ ಭಯವಿದ್ದಾಗ 0.5 ಇರುವಂತೆ ನೋಡಿಕೊಳ್ಳುವುದು ರೂಢಿ. ನೀರಿನ ಮಾದರಿಗೆ ಓಟಿ (ಆರ್ಥೋಟೊಲಿಡಿನ್) ದ್ರಾವಣದ ಹನಿಗಳನ್ನು ಹಾಕಿದ ಕೂಡಲೇ ಕಾಣುವ ಹಳದಿ ಬಣ್ಣವನ್ನು ಪಟ್ಟಿಯೊಂದಿಗೆ ಹೋಲಿಸಬೇಕು. ತಡಮಾಡಿದರೆ ಬೇರೆ ರೂಪದಲ್ಲಿ ಸೇರಿಕೊಂಡಿರುವ ಕ್ಲೋರಿನ್ ಕೂಡ ಬಣ್ಣ ಕೊಟ್ಟು ನಮ್ಮನ್ನು ದಾರಿ ತಪ್ಪಿಸುತ್ತದೆ. ಜಾತ್ರೆಗೆ ಮುನ್ನ ನಾವು ಒಂದು ಅರವಟ್ಟಿಗೆಯಲ್ಲಿ ತಾಲೀಮು ನಡೆಸಿದೆವು. ಟ್ಯಾಂಕರ್‌ನ ನಲ್ಲಿಯಲ್ಲಿ ಒಳ್ಳೆಯ ಹಳದಿ ಬಂತು. ಅದೇ ನೀರನ್ನು ತುಂಬಿಸಿದ್ದ ಮಣ್ಣಿನ ಗುಡಾಣದಿಂದ ಎರಡು ತಾಸಿನ ನಂತರ ಮೊಗೆದಾಗ ನೀರು ಬಣ್ಣವಿಲ್ಲದೆ ಹಾಗೆಯೇ ಉಳಿಯಿತು. ಗುಡಾಣದ ತಳದಲ್ಲಿದ್ದ ಕೊಳೆ, ಅದ್ದುವ ಕೈಗಳು, ಬಿಸಿಲು, ಇವೆಲ್ಲ ಸೇರಿ ಕ್ಲೋರಿನ್ನನ್ನು ತಿಂದುಹಾಕಿದ್ದವು. ಟ್ಯಾಂಕರ್‌ನಲ್ಲಿ ಮಾತ್ರ ಅಳೆದಿದ್ದರೆ ನಮ್ಮ ವರದಿಯಲ್ಲಿ ನೀರು ಶುದ್ಧವೆಂದೇ ದಾಖಲಾಗುತ್ತಿತ್ತು.

ನೀರಿಗೆ ಕ್ಲೋರಿನ್ ಸೇರಿಸಲು ಬ್ಲೀಚಿಂಗ್ ಪುಡಿ ಹಾಕುವ ಕ್ರಮವನ್ನು ಇಲ್ಲಿ ವಿವರವಾಗಿ ಹೇಳಬೇಕು, ಏಕೆಂದರೆ ಬಹುತೇಕ ತಪ್ಪುಗಳು ನಡೆಯುವುದು ಈ ಹಂತದಲ್ಲಿಯೇ. ಒಳ್ಳೆಯ ಗುಣಮಟ್ಟದ ಪುಡಿಯಾದರೆ 1000 ಲೀಟರ್ ನೀರಿಗೆ ಸುಮಾರು 2.5 ಗ್ರಾಂ ಸಾಕಾಗುತ್ತದೆ ಎಂಬುದು ಪಠ್ಯದ ಲೆಕ್ಕ. ಅದರಂತೆ 5000 ಲೀಟರ್‌ನ ಟ್ಯಾಂಕರ್‌ಗೆ 12.5 ಗ್ರಾಂ ಆಗುತ್ತದೆ. ಆದರೆ ಬಾಯಿ ತೆರೆದಿಟ್ಟ ಚೀಲದ ಪುಡಿ ಗಾಳಿಗೂ ತೇವಕ್ಕೂ ದಿನದಿನಕ್ಕೆ ಸತ್ವ ಕಳೆದುಕೊಳ್ಳುತ್ತದೆ, ಆದ್ದರಿಂದ ಲೆಕ್ಕ ಹಾಕಿ ಸುಮ್ಮನಾಗದೆ ಪ್ರತಿಸಲವೂ ಬಣ್ಣ ನೋಡಿಯೇ ತೀರ್ಮಾನಿಸಬೇಕು. ಪುಡಿಯನ್ನು ನೇರವಾಗಿ ಟ್ಯಾಂಕರ್‌ನ ಬಾಯಿಗೆ ಸುರಿಯಬಾರದು. ಬಕೆಟ್‌ನಲ್ಲಿ ಸ್ವಲ್ಪ ನೀರಿನೊಂದಿಗೆ ಗೊಜ್ಜಿನ ಹಾಗೆ ಕಲಸಿ, ಮತ್ತಷ್ಟು ನೀರು ಸೇರಿಸಿ, ಐದು ಹತ್ತು ನಿಮಿಷ ಬಿಟ್ಟರೆ ಸುಣ್ಣ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು ಮಾತ್ರ ಟ್ಯಾಂಕರ್‌ಗೆ ಹಾಕಬೇಕು. ಅನಂತರ ಒಂದು ಗಂಟೆ ಕಾಯಬೇಕು. ಈ ಒಂದು ಗಂಟೆಯೇ ನಮಗೆ ಅತ್ಯಂತ ಕಷ್ಟವಾದದ್ದು. ಆರು ಗಂಟೆಗೆ ಜನ ನೀರಿಗೆ ಕೈಚಾಚುತ್ತಾರೆಂದರೆ ಐದಕ್ಕೇ ತಿಳಿ ಬಿದ್ದಿರಬೇಕು, ನಾಲ್ಕೂವರೆಗೇ ಟ್ಯಾಂಕರ್ ತುಂಬಿರಬೇಕು. ಹಾಗಾಗಿ ಪ್ರತಿ ಟ್ಯಾಂಕರ್‌ನ ಮುಂದೆಯೂ "ಯಾರು, ಎಷ್ಟು ಹೊತ್ತಿಗೆ" ಎಂಬ ಎರಡು ಖಾನೆಗಳನ್ನು ಸೇರಿಸಿ ಯೋಜನೆಯನ್ನು ಮತ್ತೆ ಬರೆದೆ. ಅಲ್ಲಿಯವರೆಗೆ ಅದರಲ್ಲಿ "ಸಾಕಷ್ಟು ಶುದ್ಧ ನೀರಿನ ವ್ಯವಸ್ಥೆ ಮಾಡುವುದು" ಎಂಬ ಒಂದು ಸಾಲಿತ್ತು. ಅದನ್ನು ಬರೆದವಳು ನಾನೇ.

ಅರವಟ್ಟಿಗೆ ನಡೆಸುತ್ತಿದ್ದವರು ಓಣಿಯ ಹುಡುಗರು. ಗುಡಾಣದ ನೀರಿನಲ್ಲಿ ದೋಷವಿದೆ ಎಂದಾಗ ಪುಣ್ಯದ ಕೆಲಸಕ್ಕೆ ಹೆಸರಿಟ್ಟಂತಾಗಿ ಅವರಿಗೆ ಮೊದಲು ಬೇಸರವಾಯಿತು. ಆಮೇಲೆ ಟ್ಯಾಂಕರ್‌ನ ನೀರನ್ನೂ ಗುಡಾಣದ ನೀರನ್ನೂ ಎರಡು ಗಾಜಿನ ನಳಿಕೆಗಳಲ್ಲಿ ಅಕ್ಕಪಕ್ಕ ಹಿಡಿದು ಅವರ ಕೈಯಿಂದಲೇ ಹನಿ ಹಾಕಿಸಿದೆ. ಸಂಜೆಯೊಳಗೆ ಅವರು ನಲ್ಲಿಯಿರುವ, ಮುಚ್ಚಳವಿರುವ ಡ್ರಮ್ಮುಗಳನ್ನು ತಂದಿಟ್ಟಿದ್ದರು. ನಾಲ್ಕು ಸಲ ಉಪದೇಶ ಮಾಡಿದ್ದರೂ ಇದು ಆಗುತ್ತಿರಲಿಲ್ಲವೆಂದು ನನಗೆ ಈಗಲೂ ಅನ್ನಿಸುತ್ತದೆ.

ಬಿಸಿಲಿನ ವಿಷಯದಲ್ಲಿ ನನ್ನನ್ನು ಹೆಚ್ಚು ಕಾಡಿದವರು ಹರಕೆ ಹೊತ್ತವರು. ಉಪವಾಸವಿದ್ದು, ಒದ್ದೆ ಸೀರೆಯಲ್ಲಿ ದೀಡ ನಮಸ್ಕಾರ ಹಾಕುತ್ತ ಬರುವ ಹೆಣ್ಣುಮಕ್ಕಳಿಗೆ ಓಆರ್‌ಎಸ್ ಕುಡಿಯಿರೆಂದರೆ ಹರಕೆ ಮುರಿದಂತಾಗುತ್ತದೆಂಬ ಅಳುಕು. ಅವರನ್ನು ಒತ್ತಾಯಿಸುವುದು ಸರಿಯಲ್ಲವೆಂದು ನಾವು ತೀರ್ಮಾನಿಸಿ, ಹರಕೆ ಸಲ್ಲಿಸಿ ಹೊರಬರುವ ದಾರಿಯಲ್ಲಿಯೇ ನೆರಳು ಹಾಕಿಸಿ, ಅಲ್ಲಿ ಉಪ್ಪು ಹಾಕಿದ ಮಜ್ಜಿಗೆಯನ್ನೂ ಓಆರ್‌ಎಸ್ ಅನ್ನೂ ಇರಿಸಲು ಸೂಚಿಸಿದೆವು. ಓಆರ್‌ಎಸ್ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರ್ ನೀರಿಗೆ ಹಾಕಬೇಕು, ಲೋಟಕ್ಕೆ ಚಿಟಿಕೆ ಲೆಕ್ಕದಲ್ಲಿ ಉದುರಿಸಬಾರದು, ಕಲಸಿದ್ದನ್ನು 24 ಗಂಟೆಯೊಳಗೆ ಬಳಸಬೇಕು ಎಂಬುದನ್ನು ಸ್ವಯಂಸೇವಕರಿಗೆ ಮಾಡಿಸಿಯೇ ಕಲಿಸಿದೆವು. ಇನ್ನೊಂದು ಮಾತನ್ನು ಅವರಿಂದ ಬಾಯಿಪಾಠ ಮಾಡಿಸಿದೆ: ಮೈ ಕಾದು ಸುಡುತ್ತಿದ್ದು, ಮಾತು ತೊದಲಿದರೆ ಅಥವಾ ಪ್ರಜ್ಞೆ ಮಂಕಾದರೆ ಅದು ಬರಿಯ ಸುಸ್ತಲ್ಲ, ಅಂಥವರ ಬಾಯಿಗೆ ನೀರು ಹಾಕಬಾರದು, ನೆರಳಿಗೆ ತಂದು ಮೈಮೇಲೆ ತಣ್ಣೀರು ಸುರಿದು ಗಾಳಿ ಬೀಸುತ್ತಲೇ 108ಕ್ಕೆ ಕರೆ ಮಾಡಬೇಕು. ದೇಹದ ಒಳಗಿನ ಉಷ್ಣತೆ 40 ಡಿಗ್ರಿ ದಾಟಿದಾಗ ತಂಪು ಮಾಡುವುದೇ ಮೊದಲ ಚಿಕಿತ್ಸೆ, ಆಂಬುಲೆನ್ಸ್ ಬರುವವರೆಗೆ ಕೈಕಟ್ಟಿ ಕೂರುವಂತಿಲ್ಲ. ಜನಜಂಗುಳಿಯ ಹಳೇ ಪೇಟೆಯೊಳಗೆ ವಾಹನ ನುಗ್ಗಿ ಬರುವುದು ತಡವಾಗುವ ಊರಿನಲ್ಲಿ ಈ ಮಾತಿಗೆ ಇನ್ನಷ್ಟು ತೂಕವಿದೆ.

ಮನೆಗಳ ಕೆಲಸವನ್ನು ಆಶಾ ಕಾರ್ಯಕರ್ತೆಯರೇ ಹೊತ್ತರು. ಜಾತ್ರೆಗೆ ಒಂದು ವಾರವಿರುವಾಗ ಅವರು ಮನೆಮನೆಗೆ ಹೋಗಿ ಡ್ರಮ್ಮುಗಳನ್ನು ತೊಳೆಸಿದರು, ಉದ್ದ ಹಿಡಿಯ ಸೌಟಿನಿಂದಲೇ ನೀರು ತೆಗೆಯಿರಿ ಎಂದರು, ರಾತ್ರಿ ಉಳಿದ ಬಾಡಿನ ಸಾರನ್ನು ಬೆಳಿಗ್ಗೆ ಚೆನ್ನಾಗಿ ಕುದಿಸದೆ ಬಡಿಸಬೇಡಿರೆಂದು ಹೇಳಿದರು. 2023ರ ಆಗಸ್ಟ್‌ನಲ್ಲಿ ಪಕ್ಕದ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಪ್ರಾಣ ಕಳೆದುಕೊಂಡದ್ದು ಎಲ್ಲರ ನೆನಪಿನಲ್ಲಿ ಇದ್ದುದರಿಂದ ಈ ಮಾತುಗಳನ್ನು ಯಾರೂ ತಳ್ಳಿಹಾಕಲಿಲ್ಲ.

ನನ್ನ ಪಾಲಿಗೆ ಉಳಿದದ್ದು ಎಣಿಕೆ. ಜಾತ್ರೆಗೆ ಎರಡು ವಾರ ಮುಂಚಿನಿಂದಲೇ ಪ್ರತಿ ಸಂಜೆ ಆರು ಗಂಟೆಗೆ ಹಳೇ ಪೇಟೆಯ ಖಾಸಗಿ ಕ್ಲಿನಿಕ್‌ಗಳಿಗೂ ಔಷಧ ಅಂಗಡಿಗಳಿಗೂ ಫೋನ್ ಮಾಡಿ, ಇಂದು ವಾಂತಿಭೇದಿಯೆಂದು ಎಷ್ಟು ಜನ ಬಂದರು, ಎಷ್ಟು ಓಆರ್‌ಎಸ್ ಪೊಟ್ಟಣ ಮಾರಾಟವಾದವು ಎಂದು ಕೇಳಿ ಬರೆದುಕೊಂಡೆ. ಸಾಮಾನ್ಯ ದಿನದ ಸಂಖ್ಯೆ ಗೊತ್ತಿರದಿದ್ದರೆ ಜಾತ್ರೆಯ ದಿನದ ಸಂಖ್ಯೆ ಹೆಚ್ಚೋ ಕಡಿಮೆಯೋ ಹೇಳಲಾಗದು. ಸರ್ಕಾರಿ ಆಸ್ಪತ್ರೆಗಳ ಅಂಕಿಗಳು ರೋಗಗಳ ಮೇಲೆ ಕಣ್ಣಿಡುವ ಸರ್ಕಾರದ ಐಎಚ್‌ಐಪಿ ಜಾಲಕ್ಕೆ ಸೇರುತ್ತವೆ, ಆದರೆ ಹಬ್ಬದ ಮನೆಯವರು ಹೊಟ್ಟೆ ಕೆಟ್ಟರೆ ಮೊದಲು ಓಡುವುದು ಓಣಿಯ ಔಷಧ ಅಂಗಡಿಗೆ.

ತಮಟೆ, ಬಾಡೂಟ ಎಲ್ಲ ಮುಗಿದ ಮೇಲೂ ನಾನು ಐದು ದಿನ ಫೋನ್ ಮಾಡುತ್ತಲೇ ಇದ್ದೆ. ಕೆಟ್ಟ ಆಹಾರದ ವಿಷ ಕೆಲವೇ ತಾಸುಗಳಲ್ಲಿ ವಾಂತಿ ತರಿಸಬಹುದು, ಕಾಲರಾ ಐದು ದಿನಗಳವರೆಗೂ ಅಡಗಿ ಕುಳಿತಿರಬಹುದು. ಮೂರನೆಯ ದಿನ ಒಂದೇ ಮನೆಯ ನಾಲ್ವರು ಭೇದಿಯಿಂದ ಬಳಲಿದರು. ಆಶಾ ಅಕ್ಕನೊಂದಿಗೆ ಹೋಗಿ ಅವರ ಡ್ರಮ್ಮಿನ ನೀರು ಪರೀಕ್ಷಿಸಿದಾಗ ಹಳದಿ ಬರಲಿಲ್ಲ. ಡ್ರಮ್ಮು ಖಾಲಿ ಮಾಡಿಸಿ, ಕ್ಲೋರಿನ್ ಮಾತ್ರೆ ಕೊಟ್ಟು, ಅಕ್ಕಪಕ್ಕದ ಮನೆಗಳಲ್ಲಿಯೂ ನೋಡಿ ಬಂದೆವು. ನಾಲ್ವರೂ ಗುಣಮುಖರಾದರು, ಬೇರೆ ಮನೆಗೆ ಅದು ಹಬ್ಬಲಿಲ್ಲ. ಆರನೆಯ ದಿನ ಬೆಳಿಗ್ಗೆ ಅರವಟ್ಟಿಗೆಯ ಹುಡುಗನೊಬ್ಬ ಫೋನ್ ಮಾಡಿ, "ಅಕ್ಕಾರ, ಮಳಿ ಬೀಳೋ ತನಕ ನೀರು ಇಡ್ತೀವಿ, ಆ ಹಳದಿ ಹನಿ ಮುಗ್ದೈತಿ, ಎಲ್ಲಿ ಸಿಗ್ತೈತಿ?" ಎಂದು ಕೇಳಿದ. ಮಧ್ಯಾಹ್ನ ನನ್ನ ಪೆಟ್ಟಿಗೆಯಲ್ಲಿ ಉಳಿದಿದ್ದ ಎರಡು ಬಾಟಲಿಗಳನ್ನು ಒಯ್ದು ಅವನಿಗೆ ಕೊಟ್ಟು ಬಂದೆ.