ಮದುಮಗಳನ್ನು ಕಳಿಸಿಕೊಡುವ ಹೊತ್ತು: ಒಂದು ತಾಸನ್ನು ಎತ್ತಿಡುವುದು ಹೇಗೆ?

ಮದುವೆ ಗೊತ್ತಾದ ದಿನದಿಂದ ಹಂದರ, ಊಟ, ಸೀರೆ, ಬಂಗಾರಗಳ ಬಗ್ಗೆ ತಿಂಗಳುಗಟ್ಟಲೆ ಚರ್ಚೆ ನಡೆಯುತ್ತದೆ. ಮಗಳನ್ನು ಗಂಡನ ಮನೆಗೆ ಕಳಿಸಿಕೊಡುವ ಗಳಿಗೆಯ ಬಗ್ಗೆ ಮಾತ್ರ ಯಾರೂ ಕುಳಿತು ಮಾತನಾಡುವುದಿಲ್ಲ. ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಯಾವುದೇ ಕಲ್ಯಾಣ ಮಂಟಪಕ್ಕೆ ಸಂಜೆ ನಾಲ್ಕರ ಮೇಲೆ ಹೋಗಿ ನೋಡಿದರೆ ಇದು ತಿಳಿಯುತ್ತದೆ. ತಂದೆ ಅಡುಗೆಯವರ ಲೆಕ್ಕ ತೀರಿಸುತ್ತಿರುತ್ತಾರೆ, ತಾಯಿ ಉಡಿ ತುಂಬುವ ಖಣ ಯಾವ ಚೀಲದಲ್ಲಿದೆ ಎಂದು ಹುಡುಕುತ್ತಿರುತ್ತಾರೆ, ಹೊರಗೆ ಬೀಗರ ಬಸ್ಸು ಮೇಲಿಂದ ಮೇಲೆ ಹಾರ್ನ್ ಹೊಡೆಯುತ್ತಿರುತ್ತದೆ. ಈ ಗಡಿಬಿಡಿಯಲ್ಲಿ ಹುಡುಗಿ ತನ್ನ ಅಜ್ಜಿಯ ಕಾಲಿಗೆ ನಮಸ್ಕರಿಸಿದಳೋ ಇಲ್ಲವೋ ಎಂಬುದು ಸಹ ಯಾರ ಗಮನಕ್ಕೂ ಬಂದಿರುವುದಿಲ್ಲ. ಜೀವನವಿಡೀ ನೆನಪಿನಲ್ಲಿ ಉಳಿಯುವ ಬೀಳ್ಕೊಡುಗೆಗೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾದದ್ದು ಒಂದು ತಾಸಿನ ಬಿಡುವು. ಆ ಒಂದು ತಾಸನ್ನು ಮುಂಚಿತವಾಗಿಯೇ ಎತ್ತಿಟ್ಟುಕೊಂಡರೆ ಉಳಿದ ಕೆಲಸಗಳಿಗೆ ತಾವಾಗಿಯೇ ಒಂದು ಕ್ರಮ ಬರುತ್ತದೆ.

ಹೊರಡುವ ಸಮಯವನ್ನು ಮೊದಲು ಗೊತ್ತುಮಾಡಿ

ಮುಹೂರ್ತ ಬರೆಸುವ ದಿನವೇ ಹೆಣ್ಣು ಕಳಿಸುವ ಸಮಯವನ್ನೂ ಬರೆಸಿಕೊಳ್ಳುವುದು ಒಳ್ಳೆಯದು. ಇತ್ತೀಚೆಗೆ ರಜೆಯ ಅನುಕೂಲಕ್ಕಾಗಿ ಬಹಳಷ್ಟು ಮದುವೆಗಳು ಭಾನುವಾರವೇ ನಡೆಯುತ್ತವೆ. ಭಾನುವಾರದ ರಾಹುಕಾಲ ಸಂಜೆ 4.30ರಿಂದ 6ರವರೆಗೆ, ಅಂದರೆ ಸರಿಯಾಗಿ ಎಲ್ಲರೂ ಹೊರಡಲು ಸಿದ್ಧರಾಗುವ ಹೊತ್ತಿಗೇ ಬರುತ್ತದೆ. ಇದನ್ನು ಕೊನೆಯ ಗಳಿಗೆಯಲ್ಲಿ ಹಿರಿಯರೊಬ್ಬರು ನೆನಪಿಸಿದಾಗ, ಅಲ್ಲಿಯವರೆಗೆ ನಿಧಾನವಾಗಿ ಸಾಗುತ್ತಿದ್ದ ಶಾಸ್ತ್ರಗಳನ್ನು ಹತ್ತು ನಿಮಿಷದಲ್ಲಿ ಮುಗಿಸುವ ಅವಸರ ಹುಟ್ಟುತ್ತದೆ. ಶುಕ್ರವಾರ ಮತ್ತು ಮಂಗಳವಾರ ಮಗಳನ್ನು ಮನೆಯಿಂದ ಕಳಿಸಬಾರದೆಂಬ ನಂಬಿಕೆಯುಳ್ಳ ಮನೆಗಳೂ ನಮ್ಮಲ್ಲಿ ಬಹಳ. ಇವುಗಳಲ್ಲಿ ನಿಮಗೆ ನಂಬಿಕೆ ಇದೆಯೋ ಇಲ್ಲವೋ ಎಂಬುದು ಬೇರೆಯ ಮಾತು. ಎರಡೂ ಮನೆಗಳ ಹಿರಿಯರನ್ನು ವಾರ ಮುಂಚೆಯೇ ಕೇಳಿ ತಿಳಿದುಕೊಂಡಿದ್ದರೆ ಅಂದು ವಾಗ್ವಾದಕ್ಕೆ ಎಡೆಯಿರುವುದಿಲ್ಲ. ಸಮಯ ಹೊಂದದಿದ್ದರೆ ಪರಸ್ಥಾನ ಇಡುವ ಹಳೆಯ ಪದ್ಧತಿಯೂ ಇದೆ. ರಾಹುಕಾಲಕ್ಕೆ ಮುಂಚೆಯೇ ಮದುಮಗಳ ಒಂದು ಚೀಲವನ್ನು ಹತ್ತಿರದ ಗುಡಿಯಲ್ಲಿಯೋ ಪಕ್ಕದ ಮನೆಯಲ್ಲಿಯೋ ಇರಿಸಿದರೆ ಪ್ರಯಾಣ ಆಗಲೇ ಆರಂಭವಾದಂತೆ ಎಂದು ಹಿರಿಯರು ಒಪ್ಪುತ್ತಾರೆ.

ನಂತರ ದಾರಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನಮ್ಮ ಭಾಗದಲ್ಲಿ ಡಿಸೆಂಬರ್ ತಿಂಗಳಲ್ಲಿ ಸಂಜೆ ಆರರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ, ಮೇ ತಿಂಗಳಲ್ಲಿ ಆರೂಮುಕ್ಕಾಲರ ಸುಮಾರಿಗೆ. ತುಂಗಭದ್ರಾ ಕಾಲುವೆಯ ನೀರು ಹರಿಯುವ ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪದ ರಸ್ತೆಗಳಲ್ಲಿ ಭತ್ತದ ಸುಗ್ಗಿಯ ಕಾಲಕ್ಕೆ ಕಟಾವು ಯಂತ್ರಗಳೂ ತುಂಬಿದ ಟ್ರ್ಯಾಕ್ಟರುಗಳೂ ಸಾಲುಗಟ್ಟಿರುತ್ತವೆ. ಹಿಂದೆ ದೀಪವಿಲ್ಲದ ಟ್ರೇಲರುಗಳ ನಡುವೆ ಕತ್ತಲಲ್ಲಿ ಹೊಸ ಜೋಡಿಯ ಕಾರು ಓಡುವುದು ಕ್ಷೇಮವಲ್ಲ. ಆದ್ದರಿಂದ ಬೆಳಕಿರುವಾಗಲೇ ಮನೆ ತಲುಪುವಂತೆ ಹಿಂದಿನಿಂದ ಲೆಕ್ಕ ಹಾಕಿ. ಭಾನುವಾರ ಸಂಜೆ 4.15ಕ್ಕೆ ಕಾರು ಹೊರಡಬೇಕೆಂದಾದರೆ, 3.15ಕ್ಕೆ ಉಡಿ ತುಂಬುವ ಶಾಸ್ತ್ರ ಆರಂಭವಾಗಬೇಕು. ಅದಕ್ಕೆ ಮುಂಚೆ ಹುಡುಗಿಗೆ ಮುಖ ತೊಳೆದು ಸೀರೆ ಬದಲಿಸಲು ಅರ್ಧ ತಾಸು ಬೇಕು. ಅಂದರೆ ವೇದಿಕೆಯ ಮೇಲಿನ ಫೋಟೊ ಸಾಲು 2.45ಕ್ಕೆ ನಿಲ್ಲಲೇಬೇಕು, ಮದುಮಕ್ಕಳ ಊಟ 1.30ರ ಒಳಗೆ ಆಗಿರಬೇಕು. ಇಷ್ಟು ಲೆಕ್ಕ ಹಾಕಿದಾಗ ಅಕ್ಕಿಕಾಳು ಹನ್ನೆರಡರೊಳಗೆ ಬೀಳಬೇಕೆಂಬುದು ಸ್ಪಷ್ಟವಾಗುತ್ತದೆ. ಸಂಜೆ ಹೊರಡುವ ಸಮಯವನ್ನು ಕಾಪಾಡುವುದು ಬೆಳಗಿನ ಈ ಶಿಸ್ತೇ.

ಒಬ್ಬರ ಕೈಗೆ ಜವಾಬ್ದಾರಿ ಕೊಡಿ

ಈ ಸಮಯಪಟ್ಟಿಯನ್ನು ನೋಡಿಕೊಳ್ಳಲು ಸೋದರಮಾವನನ್ನೋ ಚಿಕ್ಕಪ್ಪನನ್ನೋ ಗೊತ್ತುಮಾಡಿ. ಬೀಗರ ಕಡೆಯಿಂದಲೂ ಒಬ್ಬರ ಹೆಸರು, ಫೋನ್ ನಂಬರು ಅವರ ಬಳಿ ಇರಲಿ. ಅಡುಗೆ, ಶಾಮಿಯಾನ, ಬ್ಯಾಂಡಿನವರ ಬಾಕಿಯನ್ನು ಲಕೋಟೆಗಳಲ್ಲಿ ಹಾಕಿ ಮತ್ತೊಬ್ಬರಿಗೆ ಒಪ್ಪಿಸಿದರೆ, ಆ ಒಂದು ತಾಸಿನಲ್ಲಿ ತಂದೆ-ತಾಯಿಯರಿಗೆ ಮಗಳ ಪಕ್ಕದಲ್ಲಿ ನಿಲ್ಲುವುದರ ಹೊರತು ಬೇರೆ ಕೆಲಸ ಇರುವುದಿಲ್ಲ.

ಉಡಿ ತುಂಬುವುದು

ಉಡಿಯ ಸಾಮಾನನ್ನು ಹಿಂದಿನ ದಿನವೇ ಒಂದು ಬುಟ್ಟಿಯಲ್ಲಿ ಜೋಡಿಸಿ, ಅದನ್ನು ಕಾಯಲು ಒಬ್ಬರನ್ನು ಇರಿಸಿ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಕೊಂಬು, ಅಡಿಕೆ, ಎಲೆ, ಬೆಲ್ಲ, ಬಾಳೆಹಣ್ಣು ಮತ್ತು ಕುಪ್ಪಸದ ಖಣ ಇರಬೇಕು. ಗುಳೇದಗುಡ್ಡದ ಖಣ, ಇಳಕಲ್ ಸೀರೆ ದೊರೆತರೆ ನಮ್ಮ ಉಡಿಗೆ ಅದಕ್ಕಿಂತ ಒಪ್ಪುವ ವಸ್ತ್ರ ಬೇರಿಲ್ಲ. ಒಬ್ಬೊಬ್ಬರೂ ಒಂದೊಂದು ಹಿಡಿಯಷ್ಟೇ ಹಾಕಲಿ. ಶಾಸ್ತ್ರ ಮುಗಿದ ಕೂಡಲೇ ಉಡಿಯಲ್ಲಿರುವುದನ್ನೆಲ್ಲ ಗಟ್ಟಿಯಾದ ಬಟ್ಟೆಯ ಚೀಲಕ್ಕೆ ವರ್ಗಾಯಿಸಿದರೆ, ಹುಡುಗಿ ಅಷ್ಟು ಭಾರವನ್ನು ಸೆರಗಿನಲ್ಲಿ ಕಟ್ಟಿಕೊಂಡು ದಾರಿಯುದ್ದಕ್ಕೂ ಮುದುಡಿ ಕುಳಿತುಕೊಳ್ಳಬೇಕಾಗುವುದಿಲ್ಲ.

ಉಡಿ ಯಾರು ತುಂಬಬೇಕು ಎಂಬ ವಿಷಯವನ್ನು ಸ್ವಲ್ಪ ನಿಂತು ಯೋಚಿಸಬೇಕು. ಐವರು ಮುತ್ತೈದೆಯರು ತುಂಬುವುದು ರೂಢಿ. ಗಂಡನನ್ನು ಕಳೆದುಕೊಂಡ ತಾಯಿಯೊಬ್ಬಳು ಕೂಲಿ ಮಾಡಿಯೋ ಅಂಗಡಿ ನಡೆಸಿಯೋ ಮಗಳನ್ನು ಓದಿಸಿ, ಮದುವೆಯನ್ನೂ ಮಾಡಿ, ಕೊನೆಗೆ ಅದೇ ಮಗಳಿಗೆ ಉಡಿ ತುಂಬುವ ಹೊತ್ತಿಗೆ ಕಂಬದ ಮರೆಯಲ್ಲಿ ನಿಲ್ಲುವುದನ್ನು ನಾವು ಇನ್ನೂ ಒಪ್ಪಿಕೊಂಡು ಬರುತ್ತಿದ್ದೇವೆ. ಹನ್ನೆರಡನೆಯ ಶತಮಾನದಲ್ಲಿಯೇ ಶರಣರು ಸೂತಕಗಳನ್ನು ತಳ್ಳಿಹಾಕಿದ ನಾಡು ಇದು. ಆ ತಾಯಿಯೇ ಮೊದಲ ಹಿಡಿ ಅಕ್ಕಿ ಹಾಕಲಿ. ಇದನ್ನು ಅಂದೇ ಸಭೆಯಲ್ಲಿ ಎತ್ತಿದರೆ ತಕರಾರು ಆಗಬಹುದು. ಮದುವೆಗೆ ಹದಿನೈದು ದಿನ ಮುಂಚೆಯೇ ಅಜ್ಜಿಯರ ಜೊತೆ, ಬೀಗಿತ್ತಿಯ ಜೊತೆ ಮಾತನಾಡಿಟ್ಟರೆ ಬಹುತೇಕರು ಒಪ್ಪುತ್ತಾರೆ. ಮದುಮಗ ತಾನೇ ಈ ಮಾತನ್ನು ತನ್ನ ಮನೆಯಲ್ಲಿ ಎತ್ತಿದರೆ ಇನ್ನೂ ಸುಲಭ.

ಒಪ್ಪಿಸುವ ಮಾತು

ಹೆಣ್ಣೊಪ್ಪಿಸುವ ಶಾಸ್ತ್ರ ಒಂದೊಂದು ಮನೆಯಲ್ಲಿ ಒಂದೊಂದು ಬಗೆಯಾಗಿ ನಡೆಯುತ್ತದೆ. ಬಳ್ಳಾರಿ, ಸಿರುಗುಪ್ಪದ ತೆಲುಗು ಮನೆಮಾತಿನ ಕುಟುಂಬಗಳಲ್ಲಿ ಅಪ್ಪಗಿಂತಲು ಎಂದು ಕರೆಯುವ ಈ ಕ್ರಮದಲ್ಲಿ ಮಗಳ ಅಂಗೈಯನ್ನು ಹಾಲಿನಲ್ಲಿ ಅದ್ದಿ ಅತ್ತೆ-ಮಾವನ ಕೈಗೆ ಒಪ್ಪಿಸುತ್ತಾರೆ. ಲಂಬಾಣಿ ತಾಂಡಾಗಳಲ್ಲಿ ಮದುಮಗಳು ತನ್ನವರನ್ನು ಅಪ್ಪಿಕೊಂಡು ಢಾವಲೋ ಹಾಡುತ್ತ ಅಳುತ್ತಾಳೆ. ಮುಸ್ಲಿಂ ಮನೆಗಳ ರುಖ್ಸತಿಯಲ್ಲಿ ಕುರ್‌ಆನ್ ಗ್ರಂಥದ ನೆರಳಿನಲ್ಲಿ ಅವಳನ್ನು ಹೊಸ್ತಿಲು ದಾಟಿಸುವ ರೂಢಿಯುಂಟು. ಕ್ರಮ ಯಾವುದೇ ಇರಲಿ, ಅಲ್ಲಿ ಆಡುವ ಮಾತು ಹುಡುಗಿಯ ಕಿವಿಯಲ್ಲಿ ಬಹಳ ಕಾಲ ಉಳಿಯುತ್ತದೆ. ಆದ್ದರಿಂದ ಅದನ್ನು ಮುಂಚಿತವಾಗಿ ಯೋಚಿಸಿಟ್ಟುಕೊಳ್ಳುವುದು ತಂದೆ-ತಾಯಿಯರ ಕರ್ತವ್ಯ.

'ತಪ್ಪು ಮಾಡಿದರೆ ಹೊಡೆದು ಬುದ್ಧಿ ಹೇಳಿ', 'ಇನ್ನು ಸತ್ತರೂ ಕೆಟ್ಟರೂ ಅದೇ ಮನೆ' ಎಂಬ ಮಾತುಗಳು ಹಿರಿಯರ ಬಾಯಿಂದ ಅಭ್ಯಾಸದಿಂದ ಬಂದುಬಿಡುತ್ತವೆ. ಅವನ್ನು ಬಿಡಬೇಕು. ಅದರ ಬದಲು ಮಗಳ ಬಗ್ಗೆ ನಿಜವಾದ ಎರಡು ಸಂಗತಿಗಳನ್ನು ಬೀಗರಿಗೆ ತಿಳಿಸಬಹುದು: ಅವಳಿಗೆ ಬೆಳಿಗ್ಗೆ ಬೇಗ ಹಸಿವಾಗುತ್ತದೆ, ಬೇಸರವಾದರೆ ಮಾತು ನಿಲ್ಲಿಸುತ್ತಾಳೆ, ನರ್ಸಿಂಗ್ ಪರೀಕ್ಷೆ ಇನ್ನೊಂದು ಬಾಕಿ ಇದೆ, ಅದನ್ನು ಬರೆಯಿಸಿ. ಇಂಥ ಮಾತಿನಲ್ಲಿ ಮಗಳನ್ನು ಬಲ್ಲ ಪ್ರೀತಿ ಇರುತ್ತದೆ, ಕೇಳಿದ ಅತ್ತೆಗೂ ಕೈಯಲ್ಲಿ ಏನೋ ಹಿಡಿದಂತಾಗುತ್ತದೆ. ಇದಕ್ಕೆ ಉತ್ತರವಾಗಿ ಗಂಡಿನ ಕಡೆಯ ಹಿರಿಯರೊಬ್ಬರು ಮಾತನಾಡುವಂತೆ ಮೊದಲೇ ಕೇಳಿಕೊಳ್ಳಿ. ನಮ್ಮ ಕಡೆ ಹೆಣ್ಣಿನವರು ಅಳುತ್ತ ಹೇಳುವುದು, ಗಂಡಿನವರು ಸುಮ್ಮನೆ ತಲೆಯಾಡಿಸುವುದು ನಡೆದುಬಂದಿದೆ. 'ಅವಳು ಯಾವಾಗ ಬೇಕೆಂದರೂ ತವರಿಗೆ ಹೋಗಿಬರಲಿ, ನೀವೂ ಹೇಳದೆ ಕೇಳದೆ ಬನ್ನಿ' ಎಂಬ ಒಂದು ಮಾತು ಮಾವನ ಬಾಯಿಂದ ಬಂದರೆ ತಾಯಿಯ ಎದೆಯ ಅರ್ಧ ಭಾರ ಅಲ್ಲೇ ಇಳಿಯುತ್ತದೆ. ಮುಂದಿನ ನಾಗರಪಂಚಮಿಗೆ ಕರೆಯಲು ಯಾರು ಬರುತ್ತಾರೆ ಎಂಬುದನ್ನು ಅಲ್ಲಿಯೇ ಎಲ್ಲರೆದುರು ಹೇಳಿಬಿಡುವುದು ಇನ್ನೂ ಚೆಂದ.

ಈ ಹೊತ್ತಿನಲ್ಲಿ ಹುಡುಗಿಯ ಇಷ್ಟವನ್ನು ಕೇಳುವುದನ್ನು ಮರೆಯಬಾರದು. ಯಾರ ಜೊತೆ ಒಂದೈದು ನಿಮಿಷ ಒಬ್ಬಳೇ ಇರಬೇಕೆಂದು ಅವಳಿಗೆ ಅನ್ನಿಸಿದೆಯೋ ಅವರ ಪಟ್ಟಿಯನ್ನು ಅವಳಿಂದಲೇ ಬರೆಸಿಕೊಳ್ಳಿ: ಅಜ್ಜಿ ಇರಬಹುದು, ತಮ್ಮ ಇರಬಹುದು, ಶಾಲೆಯ ಶಿಕ್ಷಕಿ ಅಥವಾ ಗೆಳತಿ ಇರಬಹುದು. ಮಂಟಪದ ಮದುಮಗಳ ಕೋಣೆಯನ್ನು ಆ ಹೊತ್ತಿಗೆ ಖಾಲಿ ಮಾಡಿಸಿ, ಬಾಗಿಲಲ್ಲಿ ಒಬ್ಬರನ್ನು ನಿಲ್ಲಿಸಿದರೆ ಸಾಕು. ಕ್ಯಾಮೆರಾದವರು ಆ ಕೋಣೆಯೊಳಗೆ ಬರಬಾರದು. ಹೊರಗೂ ಅಳುವ ಮುಖದ ಮೇಲೆ ದೀಪ ಹಿಡಿಯದೆ ಹತ್ತಡಿ ದೂರದಿಂದ ತೆಗೆಯಲಿ ಎಂದು ಮುಂಗಡ ಕೊಡುವಾಗಲೇ ಹೇಳಿ. ಅಳು ಬರದ ಹುಡುಗಿಯರೂ ಇದ್ದಾರೆ, ನಗುತ್ತ ಹೋಗುವವರಿದ್ದಾರೆ, 'ಅಳು ಬರಲಿಲ್ಲವೇ?' ಎಂದು ಯಾರೂ ಕೇಳದಂತೆ ನೋಡಿಕೊಳ್ಳುವುದೂ ತಯಾರಿಯ ಭಾಗವೇ.

ಹಾಡು, ಹೂವು, ಬಾಜಿ

ಸೋಬಾನೆ ಪದ ಬಲ್ಲ ಹೆಣ್ಣುಮಕ್ಕಳು ಇನ್ನೂ ನಮ್ಮ ಹಳ್ಳಿಗಳಲ್ಲಿದ್ದಾರೆ. ಹೆಣ್ಣೊಪ್ಪಿಸುವ ಪದಗಳು ಅವರಿಗೆ ಬಾಯಿಪಾಠ, ಆದರೆ ಡಿಜೆ ಸದ್ದಿನ ನಡುವೆ ಅವರನ್ನು ಕೇಳುವವರಿಲ್ಲ. ಮೂರು-ನಾಲ್ಕು ಜನರನ್ನು ವಾರ ಮುಂಚೆ ಎಲೆ-ಅಡಿಕೆ ಕೊಟ್ಟು ಕರೆಯಿರಿ, ಉಡಿ ತುಂಬುವ ಜಾಗದ ಪಕ್ಕದಲ್ಲಿಯೇ ಜಮಖಾನೆ ಹಾಸಿ ಕುಳ್ಳಿರಿಸಿ, ಒಂದು ಮೈಕು ಕೊಡಿ, ಹಾಡಿ ಮುಗಿದ ಮೇಲೆ ಸೀರೆಯನ್ನೋ ಕುಪ್ಪಸವನ್ನೋ ಉಡುಗೊರೆಯಾಗಿ ಕೊಡಿ. ಬೀಳ್ಕೊಡುಗೆಯನ್ನು ನಿಜವಾಗಿ ಮರೆಯಲಾಗದಂತೆ ಮಾಡುವ ಒಂದೇ ಒಂದು ಸೇರ್ಪಡೆಯನ್ನು ಹೇಳಿ ಎಂದರೆ ಇದನ್ನೇ ಹೇಳಬೇಕು. ಬಾಜಿ-ಬಜಂತ್ರಿ ಕಾರಿನ ಬಾಗಿಲಿನಿಂದ ಮಂಟಪದ ಗೇಟಿನವರೆಗೆ ಇದ್ದರೆ ಸಾಕು. ರಾತ್ರಿ ಆರತಕ್ಷತೆ ಮುಗಿಸಿ ಕಳಿಸುವವರು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧ ಇರುವುದನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು.

ಹೂವಿನ ವಿಷಯದಲ್ಲಿ ನಮ್ಮ ಬಿಸಿಲೇ ದೊಡ್ಡ ತೊಡಕು. ಏಪ್ರಿಲ್, ಮೇ ತಿಂಗಳುಗಳಲ್ಲಿ ರಾಯಚೂರು, ಬಳ್ಳಾರಿಯಲ್ಲಿ 40 ಡಿಗ್ರಿ ದಾಟುವುದು ಸಾಮಾನ್ಯವಾದ್ದರಿಂದ, ಬೆಳಿಗ್ಗೆ ಅಲಂಕರಿಸಿದ ಕಾರಿನ ಹೂವು ಮಧ್ಯಾಹ್ನಕ್ಕೇ ಬಾಡಿರುತ್ತದೆ. ಕಾರನ್ನು ಹೊರಡುವ ಒಂದು ತಾಸು ಮುಂಚೆ ನೆರಳಿನಲ್ಲಿ ಅಲಂಕರಿಸಿ. ಮುಂದಿನ ಗಾಜು, ಪಕ್ಕದ ಕನ್ನಡಿ, ನಂಬರ್ ಪ್ಲೇಟುಗಳನ್ನು ಮುಚ್ಚಬೇಡಿ. ಮುಡಿಗೆ ಹಡಗಲಿ ಮಲ್ಲಿಗೆ ಸಿಕ್ಕರೆ ಮೊಗ್ಗನ್ನೇ ತರಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಮಲ್ಲಿಗೆ ಅರಳುವುದು ಸಂಜೆಗಾದ್ದರಿಂದ ಹೊರಡುವ ಹೊತ್ತಿಗೆ ಮುಡಿಸಿದ ಮಾಲೆ ದಾರಿಯಲ್ಲಿ ಬಿರಿಯುತ್ತ ಹೋಗುತ್ತದೆ. ಜನ ಎರಚಲು ಬಣ್ಣದ ಕಾಗದದ ಚೂರುಗಳಿಗಿಂತ ಬಿಡಿಸಿದ ಚೆಂಡುಹೂವಿನ ಎಸಳು ಮೇಲು. ಪಟಾಕಿ ಬೇಡ.

ಕಾರು, ಬುತ್ತಿ, ಚೀಲ

ಕಾರನ್ನು ರಾತ್ರಿಯೆಲ್ಲ ಎಚ್ಚರವಿದ್ದು ಓಡಾಡಿದ ಅಣ್ಣ-ತಮ್ಮಂದಿರ ಕೈಗೆ ಕೊಡಬೇಡಿ. ಮಧ್ಯಾಹ್ನ ಊಟ ಮಾಡಿ ಮಲಗಿ ಎದ್ದ ಚಾಲಕನೊಬ್ಬ ಇರಲಿ. ಬಂಗಾರ ಒಬ್ಬ ಹಿರಿಯ ಹೆಣ್ಣುಮಗಳ ಕೈಚೀಲದಲ್ಲಿ, ಮದುಮಗಳು ಕೂರುವ ಕಾರಿನಲ್ಲಿಯೇ ಹೋಗಲಿ. ಬಸ್ಸಿನ ಮೇಲಿನ ಸಾಮಾನಿನ ಜೊತೆ ಎಂದಿಗೂ ಬೇಡ. ಮದುಮಗಳ ಸ್ವಂತ ಚೀಲದಲ್ಲಿ ಎರಡು ಜೊತೆ ಹತ್ತಿ ಬಟ್ಟೆ, ಮೆತ್ತನೆಯ ಚಪ್ಪಲಿ, ನಿತ್ಯದ ಗುಳಿಗೆ, ಪ್ಯಾಡು, ಚಾರ್ಜರು, ಆಧಾರ್ ಕಾರ್ಡು, ಸ್ವಲ್ಪ ಚಿಲ್ಲರೆ ಹಣ ಇರಲಿ. ಈ ಚೀಲಕ್ಕೆ ಸಂಡೂರಿನ ಲಂಬಾಣಿ ಕಸೂತಿಯದ್ದನ್ನು ಆರಿಸಬಹುದು. ನೆನಪಿನ ಕಾಣಿಕೆ ಕೊಡುವ ಗೆಳತಿಯರು ಕೊಪ್ಪಳ ಜಿಲ್ಲೆಯ ಕಿನ್ನಾಳದ ಮರದ ಗೊಂಬೆಯನ್ನು ಯೋಚಿಸಬಹುದು; ಎರಡೂ ಭೌಗೋಳಿಕ ಗುರುತು ಪಡೆದ ಈ ನೆಲದ ಕಸುಬುಗಳು.

ಬುತ್ತಿ ಕಟ್ಟುವುದರಲ್ಲಿ ನಮ್ಮವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಟಿರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಶೇಂಗಾ ಹೋಳಿಗೆ, ಮಾದಲಿ ಕೆಡದೆ ಇರುತ್ತವೆ. ಬೇಸಿಗೆಯಲ್ಲಿ ಮೊಸರು ಬುತ್ತಿಯನ್ನು ದಾರಿಯಲ್ಲಿಯೇ ತಿನ್ನುವಷ್ಟು ಮಾತ್ರ ಕಟ್ಟಿ. ಮದುಮಗಳು ಅಂದು ಸರಿಯಾಗಿ ಉಂಡಿರುವುದಿಲ್ಲವಾದ್ದರಿಂದ ಅವಳ ಕೈಗೆ ಸಿಗುವಂತೆ ಒಂದು ಚಿಕ್ಕ ಡಬ್ಬಿ, ನೀರಿನ ಬಾಟಲಿ ಬೇರೆಯಾಗಿ ಇಡಿ.

ಆಯಾರದ ಪಟ್ಟಿ

ಬಂದ ಉಡುಗೊರೆಗಳನ್ನು ಕಟ್ಟಿ ಕಳಿಸುವ ಮೊದಲು ಬರೆದಿಡಬೇಕು. ವರದಕ್ಷಿಣೆಯನ್ನು ಕೊಡುವುದೂ ಪಡೆಯುವುದೂ 1961ರ ಕಾಯ್ದೆಯಂತೆ ಅಪರಾಧ. ತಾವಾಗಿಯೇ ಕೊಟ್ಟ ಉಡುಗೊರೆಗಳಿಗೆ 1985ರ ನಿಯಮಗಳ ಪ್ರಕಾರ ಪಟ್ಟಿ ಇರಬೇಕು. ವಸ್ತುವಿನ ವಿವರ, ಅಂದಾಜು ಬೆಲೆ, ಕೊಟ್ಟವರ ಹೆಸರು, ಅವರೊಂದಿಗಿನ ಸಂಬಂಧ ಇವಿಷ್ಟನ್ನು ಬರೆದು ಮದುಮಗ, ಮದುಮಗಳು ಇಬ್ಬರೂ ಸಹಿ ಹಾಕಬೇಕು; ಅವಳಿಗೆ ಬಂದದ್ದರ ಪಟ್ಟಿಯನ್ನು ಅವಳೇ ಇಟ್ಟುಕೊಳ್ಳಬೇಕು. ಇದನ್ನು ಅನುಮಾನವೆಂದು ಬೀಗರು ತಿಳಿಯದಂತೆ, ಮುಯ್ಯಿ ಬರೆಯುವ ಹುಡುಗನಿಗೇ ಎರಡು ಪುಸ್ತಕ ಕೊಟ್ಟು ಬರೆಸಿದರೆ ಕೆಲಸ ಸಲೀಸಾಗಿ ಮುಗಿಯುತ್ತದೆ.

ಕಾರು ಹೊರಟ ಮೇಲೆ

ಮದುಮಗಳ ಜೊತೆ ಹೋಗುವ ಹಿರಿಯಳು ಯಾರೆಂಬುದನ್ನು ಮೊದಲೇ ಗೊತ್ತುಮಾಡಿ, ಮನೆ ತುಂಬಿಸಿಕೊಂಡ ಕೂಡಲೇ ಫೋನ್ ಮಾಡುವ ಕೆಲಸವನ್ನು ಅವರಿಗೇ ವಹಿಸಿ. ಹುಡುಗಿಗೆ ಪದೇ ಪದೇ ಕರೆ ಹೋಗುವುದು ತಪ್ಪುತ್ತದೆ. ಮಂಟಪ ಖಾಲಿ ಮಾಡುವ ಕೆಲಸಕ್ಕೆ ಯುವಕರನ್ನು ಬಿಟ್ಟು, ತಂದೆ-ತಾಯಿಯರನ್ನು ಬೇಗ ಮನೆಗೆ ಕರೆದೊಯ್ಯಿರಿ. ಅಂದು ರಾತ್ರಿ ದೊಡ್ಡವ್ವನೋ ಸೋದರತ್ತೆಯೋ ತಾಯಿಯ ಜೊತೆಯಲ್ಲಿಯೇ ಮಲಗಲಿ, ಅವರಿಗೊಂದು ಬಿಸಿ ಊಟ ಬಡಿಸಲಿ, ಬಾಡಿಗೆ ಪಾತ್ರೆಗಳ ಲೆಕ್ಕವನ್ನು ಮರುದಿನಕ್ಕೆ ಬಿಡಲಿ.