ದಮ್ಮು ಕಟ್ಟುವ ಮೊದಲೇ ಎದೆ ಡಾಕ್ಟರನ್ನು ಗೊತ್ತು ಮಾಡಿಕೊಳ್ಳುವುದು ಹೇಗೆ?

ನಮ್ಮ ದೊಡ್ಡಮ್ಮನಿಗೆ ಎಪ್ಪತ್ತು ದಾಟಿದೆ. ಸಕಲೇಶಪುರದ ಕಡೆಯ ಊರು. ಬೀಡಿ, ಸಿಗರೇಟು ಮುಟ್ಟಿದವರಲ್ಲ. ಆದರೆ ಐವತ್ತು ವರ್ಷ ಬೆಳಗಿನ ಜಾವಕ್ಕೇ ಎದ್ದು ಬಚ್ಚಲ ಹಂಡೆಗೆ ಬೆಂಕಿ ಹಾಕಿದ್ದಾರೆ. ಮಳೆಗಾಲದಲ್ಲಿ ಸೌದೆಯೆಲ್ಲ ಹಸಿ. ಊದುಗೊಳವೆ ಹಿಡಿದು ಊದಿ ಊದಿ ಅವರ ಕಣ್ಣು ಕೆಂಪಾಗುತ್ತಿದ್ದದ್ದು ನನಗೆ ಇವತ್ತಿಗೂ ನೆನಪಿದೆ.

ಎರಡು ವರ್ಷದ ಹಿಂದೆ, ಆಷಾಢದ ಒಂದು ರಾತ್ರಿ ಅವರಿಗೆ ದಮ್ಮು ಕಟ್ಟಿತು. ಎರಡು ಮಾತಾಡಿದರೆ ಮೂರನೆಯದಕ್ಕೆ ಉಸಿರಿಲ್ಲ. ಹತ್ತಿರದ ಒಂದು ಆಸ್ಪತ್ರೆಗೆ ಓಡಿದೆವು. ಬೋರ್ಡಿನಲ್ಲಿ ‘24 ಗಂಟೆ ಐಸಿಯು’ ಎಂದಿತ್ತು. ಬೆಡ್ ಇತ್ತು, ಮಾನಿಟರ್ ಇತ್ತು. ನೋಡುವ ಡಾಕ್ಟರು ಮಾತ್ರ ಬೆಳಿಗ್ಗೆ ಒಂಬತ್ತಕ್ಕೆ ಬರುತ್ತಾರೆ ಎಂದರು. ಒಂದೂವರೆ ಗಂಟೆ ಅಲ್ಲೇ ಹೋಯಿತು. ಆಮೇಲೆ ಹಾಸನಕ್ಕೆ ರೆಫರ್ ಮಾಡಿದರು. ದೊಡ್ಡಮ್ಮ ಉಳಿದರು. ಆ ಒಂದೂವರೆ ಗಂಟೆ ನೆನೆಸಿಕೊಂಡರೆ ಈಗಲೂ ನನಗೆ ಕೈ ತಣ್ಣಗಾಗುತ್ತದೆ.

ಎದೆ ಡಾಕ್ಟರನ್ನು, ಅಂದರೆ ಶ್ವಾಸಕೋಶದ ತಜ್ಞರನ್ನು, ಜೊತೆಗೆ ಒಳ್ಳೆಯ ಐಸಿಯು (ತೀವ್ರ ನಿಗಾ ಘಟಕ) ಇರುವ ಆಸ್ಪತ್ರೆಯನ್ನು ಹುಡುಕುವ ಬಗ್ಗೆ ಅದಾದ ಮೇಲೆ ಓಡಾಡಿ, ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ. ಮನೆಯವರು ಚೆನ್ನಾಗಿರುವ ದಿನವೇ, ಮಳೆ ಇಲ್ಲದಾಗಲೇ ಮಾಡಿಟ್ಟುಕೊಳ್ಳಬೇಕಾದ ಕೆಲಸ ಇದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ತುಟಿ, ಉಗುರು ನೀಲಿಯಾಗಿದ್ದರೆ, ಒಂದು ವಾಕ್ಯ ಪೂರ್ತಿ ಮಾಡಲಾಗದಷ್ಟು ಏದುಸಿರಿದ್ದರೆ, ಮಂಪರು ಕವಿಯುತ್ತಿದ್ದರೆ ಯಾವ ತಜ್ಞರನ್ನೂ ಹುಡುಕುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ.

ಎದೆ ಡಾಕ್ಟರೇ ಬೇಕಾ?

ನಮ್ಮ ಕಡೆ ‘ಎದೆ’ ಎಂದ ಕೂಡಲೇ ಹೃದಯದ ಡಾಕ್ಟರ ಹತ್ತಿರ ಹೋಗುವವರೇ ಜಾಸ್ತಿ. ಉಬ್ಬಸ ಎರಡೂ ಕಡೆಯಿಂದ ಬರುತ್ತದೆ, ಅದೇ ತೊಡಕು. ಕಾಲು ಊದಿಕೊಂಡು, ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ ಎಂದರೆ ಹೃದಯದ ಕಡೆಯೂ ನೋಡಬೇಕು. ವರ್ಷಗಟ್ಟಲೆ ಕೆಮ್ಮು, ಕಫ, ಎದೆಯಲ್ಲಿ ಸಿಳ್ಳೆ ಹೊಡೆದಂತೆ ಸದ್ದು ಇದ್ದರೆ ಶ್ವಾಸಕೋಶದ ಕಡೆ. ಎರಡನ್ನೂ ಬೇರೆ ಮಾಡಿ ಹೇಳುವುದಕ್ಕೆ ಊರಿನ ಎಂಬಿಬಿಎಸ್ ಡಾಕ್ಟರೇ ಸಾಕು. ಒಂದು ಇಸಿಜಿ, ಒಂದು ಎಕ್ಸ್‌ರೇ ಮಾಡಿಸಿದರೆ ದಾರಿ ಕಾಣುತ್ತದೆ. ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಕಫ ಪರೀಕ್ಷೆ ಮಾಡಿಸಿ. ಟಿಬಿ ಪರೀಕ್ಷೆಗೂ ಔಷಧಿಗೂ ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡು ಕೊಡಬೇಕಿಲ್ಲ.

ಡಾಕ್ಟರ ಎದುರು ಕೂತಾಗ ಮನೆಯವರು ಮರೆಯುವ ವಿಷಯ ಒಂದಿದೆ: ಮಾಡಿದ ಕೆಲಸ. ಕಾಫಿ ಕ್ಯೂರಿಂಗ್‌ನಲ್ಲಿ ಧೂಳು ಕುಡಿದವರು, ಮುಗ್ಗಲು ಹಿಡಿದ ಹುಲ್ಲು ಕೊಡವಿದವರು, ಕಲ್ಲು ಕ್ವಾರಿಯವರು, ಸೌದೆ ಒಲೆ ಮುಂದೆ ಜೀವ ತೇಯ್ದ ಹೆಂಗಸರು ಇದನ್ನು ಹೇಳಲೇಬೇಕು. ‘ಸಿಗರೇಟು ಸೇದ್ತೀರಾ’ ಎಂದು ಕೇಳಿದಾಗ ದೊಡ್ಡಮ್ಮ ನಕ್ಕುಬಿಟ್ಟರು. ಹಂಡೆ ಒಲೆಯ ಸುದ್ದಿ ನಾನೇ ಎತ್ತಬೇಕಾಯಿತು. ಡಾಕ್ಟರು ಪೆನ್ನು ಕೆಳಗಿಟ್ಟು ‘ಎಷ್ಟು ವರ್ಷ ಅಮ್ಮ?’ ಎಂದು ಕೇಳಿದರು. ಹೊಗೆ ಯಾವುದಾದರೇನು, ಶ್ವಾಸನಾಳ ಕಿರಿದಾಗುವ ಸಿಒಪಿಡಿ ಕಾಯಿಲೆ ಒಲೆ ಹೊಗೆಯಿಂದಲೂ ಬರುತ್ತದೆ.

ಬೋರ್ಡು ಓದುವುದು

ಡಾಕ್ಟರ ಹೆಸರಿನ ಮುಂದಿನ ಅಕ್ಷರಗಳನ್ನು ನಾವು ಸುಮ್ನೆ ದಾಟಿ ಹೋಗುತ್ತೇವೆ. ಅದನ್ನು ಓದಲು ಕಲಿತರೆ ಅರ್ಧ ಕೆಲಸ ಮುಗಿಯಿತು.

ಎಂ.ಡಿ. ರೆಸ್ಪಿರೇಟರಿ ಮೆಡಿಸಿನ್, ಎಂ.ಡಿ. ಪಲ್ಮನರಿ ಮೆಡಿಸಿನ್, ಎಂ.ಡಿ. ಟಿಬಿ ಅಂಡ್ ಚೆಸ್ಟ್ ಎಂದಿದ್ದರೆ ಮೂರೂ ಒಂದೇ ಕೆಲಸದವರು. ಎಂಬಿಬಿಎಸ್ ಆದ ಮೇಲೆ ಮೂರು ವರ್ಷ ಶ್ವಾಸಕೋಶವನ್ನೇ ಓದಿದವರು. ಡಿ.ಎನ್.ಬಿ. ಎಂದಿದ್ದರೂ ಅದೇ ಮಟ್ಟ. ಡಿ.ಟಿ.ಸಿ.ಡಿ. ಎಂಬುದು ಇದೇ ವಿಷಯದ ಡಿಪ್ಲೊಮಾ. ಬರೀ ‘ಎಂ.ಡಿ.’ ಎಂದು ಬರೆದಿದ್ದರೆ ಯಾವುದರಲ್ಲಿ ಎಂದು ಕೇಳಿ, ಅದರಲ್ಲಿ ನಾಚಿಕೆ ಏನೂ ಇಲ್ಲ. ಎಂ.ಡಿ. ಜನರಲ್ ಮೆಡಿಸಿನ್ ಮಾಡಿದವರೂ ಉಬ್ಬಸಕ್ಕೆ ಔಷಧಿ ಕೊಡುತ್ತಾರೆ, ಚೆನ್ನಾಗಿಯೇ ಕೊಡುತ್ತಾರೆ. ಆದರೆ ಶ್ವಾಸಕೋಶದ ವಿಶೇಷ ತರಬೇತಿ ಬೇರೆ.

ಐಸಿಯು ನೋಡುವವರ ಓದು ಇನ್ನೊಂದು ದಾರಿ. ಡಿ.ಎಂ. ಕ್ರಿಟಿಕಲ್ ಕೇರ್ ಎಂದರೆ ಎಂ.ಡಿ. ಮುಗಿದ ಮೇಲೆ ಮತ್ತೆ ಮೂರು ವರ್ಷ. ಐ.ಡಿ.ಸಿ.ಸಿ.ಎಂ. ಎಂಬುದೂ ಐಸಿಯು ತರಬೇತಿಯದೇ ಡಿಪ್ಲೊಮಾ. ಅರಿವಳಿಕೆ ತಜ್ಞರಾಗಿದ್ದು ಆಮೇಲೆ ಐಸಿಯು ಕಡೆ ಬಂದವರೂ ಬಹಳ ಮಂದಿ ಇದ್ದಾರೆ. ವೆಂಟಿಲೇಟರ್‌ನಲ್ಲಿ (ಉಸಿರಾಡಿಸುವ ಯಂತ್ರ) ಕೈ ಪಳಗಿದವರು ಅವರು. ಡಿ.ಎಂ. ಪಲ್ಮನರಿ ಅಂಡ್ ಕ್ರಿಟಿಕಲ್ ಕೇರ್ ಎಂದಿದ್ದರೆ ಎರಡೂ ಒಬ್ಬರಲ್ಲೇ ಇದೆ ಎಂದರ್ಥ. ನಮ್ಮಂಥ ಜಿಲ್ಲೆಗಳಲ್ಲಿ ಅಂಥವರು ಸಿಗುವುದು ಅಪರೂಪ. ಹಾಗಾಗಿ ಎದೆ ಡಾಕ್ಟರು ಒಬ್ಬರು, ಐಸಿಯು ಇರುವ ಆಸ್ಪತ್ರೆ ಒಂದು ಎಂದು ಎರಡು ಹುಡುಕಾಟ ಮಾಡಿ.

ಔಷಧಿ ಚೀಟಿಯ ಮೇಲೆ ಕೆಎಂಸಿ, ಅಂದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿನ, ನೋಂದಣಿ ಸಂಖ್ಯೆ ಇರಬೇಕು. ಪರಿಷತ್ತಿನ ವೆಬ್‌ಸೈಟಿನಲ್ಲಿ ಹೆಸರನ್ನೋ ಸಂಖ್ಯೆಯನ್ನೋ ಹಾಕಿ ನೋಡಬಹುದು. ಮೊಬೈಲಿನಲ್ಲೇ ಐದು ನಿಮಿಷದ ಕೆಲಸ.

ಎಲ್ಲಿಂದ ಶುರು ಮಾಡುವುದು

ನನ್ನನ್ನು ಕೇಳಿದರೆ ಸರ್ಕಾರಿ ಮೆಡಿಕಲ್ ಕಾಲೇಜಿನಿಂದ. ಹಾಸನದಲ್ಲಿ ಹಿಮ್ಸ್ (ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ) 2006ರಿಂದ ಇದೆ. ಚಿಕ್ಕಮಗಳೂರಿಗೂ ಈಗ ಸರ್ಕಾರಿ ಮೆಡಿಕಲ್ ಕಾಲೇಜು ಬಂದಿದೆ, ಮಲ್ಲೇಗೌಡ ಜಿಲ್ಲಾಸ್ಪತ್ರೆ ಹೇಗೂ ಇದೆ. ಕಾಲೇಜು ಆಸ್ಪತ್ರೆಯ ಓಪಿಡಿಯಲ್ಲಿ ಚೀಟಿ ಮಾಡಿಸುವಾಗ ‘ಚೆಸ್ಟ್ ಓಪಿಡಿ’ ಅಂತಲೇ ಹೇಳಿ. ಇಲ್ಲವಾದರೆ ಜನರಲ್ ಸಾಲಿನಲ್ಲಿ ನಿಂತು ಮಧ್ಯಾಹ್ನವಾಗಿಬಿಡುತ್ತದೆ.

ಖಾಸಗಿಯಲ್ಲಿ ನೋಡುವುದಾದರೆ, ಕೆಲವು ಕಡೆ ಎದೆ ತಜ್ಞರು ಮಂಗಳೂರಿನಿಂದಲೋ ಬೆಂಗಳೂರಿನಿಂದಲೋ ವಾರಕ್ಕೊಮ್ಮೆ ಬಂದು ಹೋಗುವವರಾಗಿರುತ್ತಾರೆ. ಬರುವುದು ಯಾವ ದಿನ, ಉಳಿದ ದಿನ ಯಾರು ನೋಡುತ್ತಾರೆ, ಕೇಳಿಕೊಳ್ಳಿ. ಸ್ಪೈರೊಮೆಟ್ರಿ ಯಂತ್ರ ಇದೆಯಾ ಎಂದೂ ಕೇಳಿ. ಕೊಳವೆಗೆ ಬಾಯಿಟ್ಟು, ಎದೆ ತುಂಬ ಉಸಿರು ತೆಗೆದುಕೊಂಡು, ಆರು ಸೆಕೆಂಡಾದರೂ ಒಂದೇ ಸಮ ಜೋರಾಗಿ ಊದುವ ಪರೀಕ್ಷೆ ಅದು. ಒಮ್ಮೆ ಊದಿಸಿ, ಪಫ್ (ಬಾಯಿಂದ ಎಳೆದುಕೊಳ್ಳುವ ಔಷಧಿ, ಇನ್ಹೇಲರ್) ಕೊಟ್ಟು, ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಊದಿಸುತ್ತಾರೆ. ಪಫ್‌ನಿಂದ ಎಷ್ಟು ಸುಧಾರಿಸಿತು ಎನ್ನುವುದರ ಮೇಲೆ ಆಸ್ತಮಾನಾ, ಸಿಒಪಿಡಿನಾ ಎಂಬ ಅಂದಾಜು ಸಿಗುತ್ತದೆ. ಈ ಪರೀಕ್ಷೆಯನ್ನೇ ಮಾಡಿಸದೆ ವರ್ಷಗಟ್ಟಲೆ ಇನ್ಹೇಲರ್ ಬದಲಿಸುತ್ತಾ ಇರುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಒಳ್ಳೆಯ ಎದೆ ಡಾಕ್ಟರ ಗುರುತು ಯಾವುದು ಎಂದು ಕೇಳುತ್ತಾರೆ. ನಾನು ನೋಡಿದ್ದು ಹೇಳುತ್ತೇನೆ: ‘ನಿಮ್ಮ ಪಫ್ ತೆಗೀರಿ, ನನ್ನ ಎದುರಿಗೇ ಎಳೀರಿ’ ಎಂದವರು. ದೊಡ್ಡಮ್ಮ ಎರಡು ವರ್ಷ ಅದನ್ನು ಒತ್ತಿ, ತಡವಾಗಿ ಎಳೆಯುತ್ತಿದ್ದರಂತೆ. ಔಷಧಿ ನಾಲಿಗೆಗೆ ಅಂಟಿ ಅಲ್ಲೇ ಉಳಿಯುತ್ತಿತ್ತು.

ಐಸಿಯು ಬಗ್ಗೆ ಕೇಳಬೇಕಾದ್ದು

ಆಸ್ಪತ್ರೆಗೆ ಹಗಲಲ್ಲಿ ಹೋಗಿ, ರಿಸೆಪ್ಷನ್‌ನಲ್ಲಿ ನಿಂತು ಕೇಳಿ. ರಾತ್ರಿ ಹನ್ನೆರಡಕ್ಕೆ ಐಸಿಯು ಒಳಗೆ ಡಾಕ್ಟರು ಇರುತ್ತಾರಾ, ಫೋನಿನಲ್ಲಿ ಇರುತ್ತಾರಾ? ಇದು ಮೊದಲ ಪ್ರಶ್ನೆ. ನಾವು ಕೇಳದೆ ಹೋದದ್ದು ಇದನ್ನೇ. ಆಮೇಲೆ, ವೆಂಟಿಲೇಟರ್ ಎಷ್ಟಿವೆ, ಬೈಪ್ಯಾಪ್ ಇದೆಯಾ ಎಂದು ಕೇಳಿ. ಬೈಪ್ಯಾಪ್ ಎಂದರೆ ಗಂಟಲಿಗೆ ಕೊಳವೆ ಹಾಕದೆ ಮಾಸ್ಕ್ ಕಟ್ಟಿ ಉಸಿರಿಗೆ ಒತ್ತಾಸೆ ಕೊಡುವ ಯಂತ್ರ. ಸಿಒಪಿಡಿ ಜೋರಾದಾಗ ಎಷ್ಟೋ ಜನ ಇದರಲ್ಲೇ ಚೇತರಿಸಿಕೊಳ್ಳುತ್ತಾರೆ. ರಕ್ತದಲ್ಲಿ ಆಮ್ಲಜನಕ, ಇಂಗಾಲದ ಡೈಆಕ್ಸೈಡ್ ಎಷ್ಟಿದೆ ಎಂದು ತೋರಿಸುವ ಎಬಿಜಿ ಪರೀಕ್ಷೆ ರಾತ್ರಿಯೂ ಆಗುತ್ತದಾ? ಆಗುವುದಿಲ್ಲ ಎಂದರೆ ನಿಮ್ಮ ಪಟ್ಟಿಯಲ್ಲಿ ಆ ಆಸ್ಪತ್ರೆಯನ್ನು ಎರಡನೆಯದಕ್ಕೆ ಇಳಿಸಿ.

ದುಡ್ಡಿನ ಮಾತು. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಆ ಆಸ್ಪತ್ರೆ ಯೋಜನೆಯಲ್ಲಿದೆಯಾ, ಐಸಿಯು ಅದರೊಳಗೆ ಬರುತ್ತದಾ ಎಂದು ಅಲ್ಲಿನ ಆರೋಗ್ಯಮಿತ್ರರನ್ನು (ಯೋಜನೆಯ ಕಡೆಯಿಂದ ಆಸ್ಪತ್ರೆಯಲ್ಲಿ ಸಹಾಯಕ್ಕೆ ಇರುವವರು) ಕೇಳಿ. ಸಂದೇಹವಿದ್ದರೆ ಆರೋಗ್ಯ ಸಹಾಯವಾಣಿ 104ಕ್ಕೂ ಕರೆ ಮಾಡಬಹುದು.

ಘಟ್ಟ ಇಳಿಯುವುದಾದರೆ

ಕೆಲವೊಮ್ಮೆ ಇಲ್ಲಿ ಆಗುವುದಿಲ್ಲ ಎನ್ನುತ್ತಾರೆ. ಆಗ ಮೈಸೂರಿನ ಪಿಕೆಟಿಬಿ ಆಸ್ಪತ್ರೆ (ಟಿಬಿ ಮತ್ತು ಎದೆ ರೋಗಗಳ ಆಸ್ಪತ್ರೆ), ಬೆಂಗಳೂರಿನಲ್ಲಿ ನಿಮ್ಹಾನ್ಸ್ ಹತ್ತಿರದ ರಾಜೀವ್ ಗಾಂಧಿ ಎದೆ ರೋಗಗಳ ಸಂಸ್ಥೆ ಇವೆ, ಎರಡೂ ಸರ್ಕಾರಿ. ಮಂಗಳೂರಿನಲ್ಲಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿಗೆ ಕೊರತೆಯಿಲ್ಲ. ಮಳೆಗಾಲದಲ್ಲಿ ಮಾತ್ರ ಶಿರಾಡಿ, ಚಾರ್ಮಾಡಿ ಘಾಟಿ ನಂಬಿಕೊಂಡು ಹೊರಡಬೇಡಿ. ಗುಡ್ಡ ಕುಸಿದು ಎಷ್ಟು ಸಲ ರಸ್ತೆ ಬಂದ್ ಆಗಿದೆ ಎಂದು ನಮಗೆಲ್ಲ ಗೊತ್ತೇ ಇದೆ, ಅಲ್ವಾ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈಸೂರು, ಬೆಂಗಳೂರು ಕಡೆಯ ಒಂದು ಆಸ್ಪತ್ರೆ ಮನಸ್ಸಿನಲ್ಲಿರಲಿ.

ಆಕ್ಸಿಜನ್ ಮೇಲೆ ಕರೆದುಕೊಂಡು ಹೋಗುವಾಗ ಲೆಕ್ಕ ಹಾಕಿ. ಆಂಬುಲೆನ್ಸ್‌ನಲ್ಲಿ ಕಾಣುವ ಚಿಕ್ಕ ಬಿ-ಟೈಪ್ ಸಿಲಿಂಡರ್ ತುಂಬಿದ್ದರೆ ಸುಮಾರು 1500 ಲೀಟರ್. ನಿಮಿಷಕ್ಕೆ 5 ಲೀಟರ್ ಹರಿದರೆ ಐದು ಗಂಟೆ, 10 ಲೀಟರ್ ಹರಿದರೆ ಎರಡೂವರೆ ಗಂಟೆ. ಹಾಸನದಿಂದ ಬೆಂಗಳೂರಿಗೆ 180 ಕಿಲೋಮೀಟರ್ ಮೇಲೆ. ನೆಲಮಂಗಲದ ಟ್ರಾಫಿಕ್ ಬೇರೆ. ಎರಡನೇ ಸಿಲಿಂಡರ್ ಇದೆಯಾ ಎಂದು ಹೊರಡುವ ಮೊದಲೇ ನೋಡಿ. ಅಲ್ಲಿ ಬೆಡ್ ಇದೆ ಎಂದು ಇಲ್ಲಿನ ಡಾಕ್ಟರೇ ಫೋನಿನಲ್ಲಿ ಮಾತಾಡಿ ಖಚಿತ ಮಾಡಿಕೊಡಲಿ, ಮಾತಾಡಿದವರ ಹೆಸರು ಬರೆದುಕೊಳ್ಳಿ.

ಕ್ಯಾಲೆಂಡರ್ ಹಿಂದಿನ ಹಾಳೆ

ಈಗ ದೊಡ್ಡಮ್ಮನ ಮನೆಯ ಗೋಡೆ ಕ್ಯಾಲೆಂಡರ್ ಹಿಂದೆ ಒಂದು ಹಾಳೆ ಅಂಟಿಸಿದ್ದೇನೆ. ಎದೆ ಡಾಕ್ಟರ ನಂಬರ್, ಐಸಿಯು ಇರುವ ಆಸ್ಪತ್ರೆಯ ರಾತ್ರಿ ನಂಬರ್, ಅವರು ತೆಗೆದುಕೊಳ್ಳುವ ಮಾತ್ರೆ, ಪಫ್. ಯಾವ ಔಷಧಿ ಒಗ್ಗುವುದಿಲ್ಲ ಎಂಬುದು ಕೆಂಪು ಪೆನ್ನಿನಲ್ಲಿ. ಅದರ ಪಕ್ಕ ಎಕ್ಸ್‌ರೇ, ಸ್ಪೈರೊಮೆಟ್ರಿ, ಡಿಸ್ಚಾರ್ಜ್ ಸಮ್ಮರಿ ಇರುವ ಪ್ಲಾಸ್ಟಿಕ್ ಕವರ್ ಮೊಳೆಗೆ ನೇತುಹಾಕಿದೆ.

ಹಾಳೆಯ ಮೇಲ್ಗಡೆ ದೊಡ್ಡದಾಗಿ ‘ಚೆನ್ನಾಗಿದ್ದಾಗ 92’ ಎಂದು ಬರೆದಿದೆ. ಬೆರಳಿಗೆ ಸಿಕ್ಕಿಸಿ ರಕ್ತದಲ್ಲಿನ ಆಕ್ಸಿಜನ್ ಶೇಕಡಾ ಎಷ್ಟು ಎಂದು ತೋರಿಸುವ ಆಕ್ಸಿಮೀಟರ್‌ನಲ್ಲಿ ಅವರ ಮಾಮೂಲಿ ಸಂಖ್ಯೆ ಅದು. ಆರೋಗ್ಯವಂತರಿಗೆ 95ರ ಮೇಲಿರಬೇಕು. ಹಳೇ ಸಿಒಪಿಡಿ ಇದ್ದವರಿಗೆ ಐಸಿಯುನಲ್ಲೂ 88ರಿಂದ 92ರ ಒಳಗೇ ಇಡಲು ನೋಡುತ್ತಾರೆ, ಏಕೆಂದರೆ ಆಕ್ಸಿಜನ್ ಅತಿಯಾದರೆ ಅಂಥವರ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಮಂಪರು ಬರುತ್ತದೆ. ಮಾಮೂಲಿ ಎಷ್ಟು ಎಂದು ಗೊತ್ತಿಲ್ಲದ ಡ್ಯೂಟಿ ಡಾಕ್ಟರಿಗೆ ಈ ಒಂದು ಸಂಖ್ಯೆ ಬಹಳ ಹೇಳುತ್ತದೆ. ನೋಡುವಾಗ ಬೆರಳಿಗೆ ಮದರಂಗಿ, ನೇಲ್ ಪಾಲಿಶ್ ಇರಬಾರದು. ಥಂಡಿ ದಿನವಾದರೆ ಕೈ ಉಜ್ಜಿ ಬೆಚ್ಚಗೆ ಮಾಡಿ, ಒಂದು ನಿಮಿಷ ಅಲುಗಾಡದೆ ಕೂರಿಸಿ, ಆಮೇಲೆ ಬರೆದುಕೊಳ್ಳಿ.

ದೊಡ್ಡಮ್ಮ ಈಗ ಅದನ್ನು ತಾವೇ ನೋಡಿಕೊಳ್ಳುತ್ತಾರೆ. ಹಂಡೆಯ ಜಾಗಕ್ಕೆ ಗೀಜರ್ ಬಂದಿದೆ. ಮೊನ್ನೆ ಹೋದಾಗ ಬೆರಳಿಗೆ ಕ್ಲಿಪ್ ಸಿಕ್ಕಿಸಿಕೊಂಡು, ‘ತೊಂಬತ್ಮೂರು ಕಣೋ, ಬರ್ಕೋ’ ಎಂದರು.