ಶಾಲು ಬೇಡ, ಕೆಲಸ ಕೊಡಿ: ಅಂಗವಿಕಲರು ಸ್ವಯಂಸೇವಕರಾಗುವುದು ಹೇಗೆ?

ಡಿಸೆಂಬರ್ 3ರ ವಿಶ್ವ ಅಂಗವಿಕಲರ ದಿನದಂದು ವೇದಿಕೆಗೆ ಕರೆದು ಶಾಲು ಹೊದಿಸುವವರಿಗೆ ನಮ್ಮಲ್ಲಿ ಬರವಿಲ್ಲ. ‘ನಿಮ್ಮ ಸಂಘದಲ್ಲಿ ನಾನೂ ದುಡಿಯುತ್ತೇನೆ’ ಎಂದು ಗಾಲಿಕುರ್ಚಿಯಲ್ಲಿ ಬಂದವರಿಗೆ ಮಾತ್ರ ‘ನಿಮಗೇಕೆ ತೊಂದರೆ’ ಎಂಬ ನಯವಾದ ಉತ್ತರ ಸಿಗುತ್ತದೆ. ಹಾಗಾಗಿ ಸಿದ್ಧತೆ ಮಾಡಿಕೊಂಡೇ ಹೋಗುವುದು ಒಳ್ಳೆಯದು.

ಮೊದಲು ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ. ಸ್ವಯಂಸೇವೆಗೆ ಅದರ ಹಂಗಿಲ್ಲ. ಸರ್ಕಾರಿ ಸೌಲಭ್ಯ, ಮೀಸಲಾತಿಗೆ ಬೇಕು. ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದ ಮೇಲೆ ವೈದ್ಯರು ತಪಾಸಣೆ ಮಾಡಿ ಅಂಗವೈಕಲ್ಯದ ಪ್ರಮಾಣವನ್ನು ದಾಖಲಿಸುತ್ತಾರೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ಪಟ್ಟಿಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ಮೀಸಲಾತಿಗೆ ಕನಿಷ್ಠ ಶೇ 40 ಇರಬೇಕು. ಅರ್ಜಿ ತುಂಬುವುದು ತೊಡಕೆನಿಸಿದರೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು, ಅಂದರೆ ವಿಆರ್‌ಡಬ್ಲ್ಯುಗಳನ್ನು, ಹುಡುಕಿಕೊಂಡು ಹೋಗಿ. ಅವರೂ ಅಂಗವಿಕಲರೇ, ಈ ಅಲೆದಾಟ ಅವರಿಗೆ ಹೊಸದಲ್ಲ.

ಇನ್ನು ತರಬೇತಿ. ಬೆಂಗಳೂರಿನ ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ) ಸಂಸ್ಥೆ 1959ರಿಂದ ಈ ಕ್ಷೇತ್ರದಲ್ಲಿದೆ. ಅಲ್ಲಿ ತೋಟಗಾರಿಕೆಯನ್ನೂ ಕಲಿಸುತ್ತಾರೆ. ಸಮರ್ಥನಂ, ಎನೇಬಲ್ ಇಂಡಿಯಾ ಸಂಸ್ಥೆಗಳು ಉದ್ಯೋಗಕ್ಕೆ ಬೇಕಾದ ಕೌಶಲಗಳ ತರಬೇತಿ ನೀಡುತ್ತವೆ. ಎಲ್ಲಿಗೇ ಸೇರಿದರೂ ಮುಂಚೆಯೇ ಫೋನ್ ಮಾಡಿ ವಿಚಾರಿಸಿ: ಉಳಿದುಕೊಳ್ಳಲು ವ್ಯವಸ್ಥೆ ಇದೆಯೇ, ಸಂಜ್ಞಾ ಭಾಷೆ ಬಲ್ಲವರಿದ್ದಾರೆಯೇ, ಕಂಪ್ಯೂಟರಿನಲ್ಲಿ ಪರದೆ ಓದುವ ತಂತ್ರಾಂಶ ಇದೆಯೇ? ಶೌಚಾಲಯದ ಬಾಗಿಲು ಎಷ್ಟು ಅಗಲ ಎಂದು ಕೇಳಲೂ ಸಂಕೋಚ ಬೇಡ. ಅಲ್ಲಿ ಕುರ್ಚಿ ಒಳಗೆ ಹೋಗದಿದ್ದರೆ ಎಂಥ ಪಾಠವೂ ತಲೆಗೆ ಹತ್ತುವುದಿಲ್ಲ.

ಯಾವ ಸ್ವಯಂಸೇವೆ? ನನ್ನನ್ನು ಕೇಳಿದರೆ, ಕಟ್ಟಡ ಅಳೆಯುವುದರಿಂದ ಶುರು ಮಾಡಿ. ಅಡ್ಡಿ ಎಲ್ಲಿದೆ ಎಂಬುದು ಅದನ್ನು ದಿನವೂ ಎದುರಿಸುವವರಿಗೆ ಗೊತ್ತಿರುವಷ್ಟು ಎಂಜಿನಿಯರ್‌ಗೂ ಗೊತ್ತಿರುವುದಿಲ್ಲ. ಬೇಕಾಗಿರುವುದು ಅಳತೆ ಟೇಪು, ಮೊಬೈಲ್, ಜೊತೆಗೊಬ್ಬರು. ಬ್ಯಾಂಕು, ಗ್ರಂಥಾಲಯ, ಪಂಚಾಯಿತಿ ಕಚೇರಿ, ಹತ್ತಿರದ್ದು ಯಾವುದಾದರೂ ಆದೀತು. ಮೆಟ್ಟಿಲುಗಳ ಒಟ್ಟು ಎತ್ತರವನ್ನು ಅಳೆದು ಹನ್ನೆರಡರಿಂದ ಗುಣಿಸಿ. ರ‍್ಯಾಂಪ್, ಅಂದರೆ ಗಾಲಿಕುರ್ಚಿ ಹತ್ತುವ ಇಳಿಜಾರು ದಾರಿ, ಕನಿಷ್ಠ ಅಷ್ಟು ಉದ್ದ ಇರಬೇಕು. 15 ಸೆಂಟಿಮೀಟರಿನ ಮೂರು ಮೆಟ್ಟಿಲುಗಳಿದ್ದರೆ 5.4 ಮೀಟರ್. ಜಾಗ ಉಳಿಸಲೆಂದು ಎರಡೇ ಮೀಟರಿಗೆ ಮುಗಿಸಿದ ರ‍್ಯಾಂಪ್ ಜಾರುಬಂಡೆಯಾಗುತ್ತದೆ. ಬಾಗಿಲು 90 ಸೆಂಟಿಮೀಟರ್ ಅಗಲ ಇದೆಯೇ ನೋಡಿ. ಲಿಫ್ಟ್ ಮಹಡಿಯನ್ನು ಕೂಗಿ ಹೇಳುತ್ತದೆಯೇ, ಗುಂಡಿಗಳ ಮೇಲೆ ಬ್ರೈಲ್ ಇದೆಯೇ ಎಂಬ ಪರೀಕ್ಷೆಯನ್ನು ದೃಷ್ಟಿ ಇಲ್ಲದವರಿಗೇ ಬಿಡಿ. ಫೋಟೊ, ಅಳತೆ, ದಿನಾಂಕದೊಂದಿಗೆ ಕಟ್ಟಡದ ಹೊಣೆ ಹೊತ್ತವರಿಗೆ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ಸಾರ್ವಜನಿಕ ಕಟ್ಟಡಗಳ ದೂರಿಗೆ 2021ರಲ್ಲಿ ಬಂದ ಸುಗಮ್ಯ ಭಾರತ್ ಆ್ಯಪ್ ಕೂಡ ಇದೆ.

ಸಂಘ ಸಂಸ್ಥೆಗೆ ಸೇರುವಾಗ ‘ಏನು ಕೊಟ್ಟರೂ ಮಾಡುತ್ತೇನೆ’ ಎನ್ನಬೇಡಿ. ವಾರಕ್ಕೆ ಎಷ್ಟು ಗಂಟೆ, ಯಾವ ಕೆಲಸ, ಅದಕ್ಕೆ ಏನು ಅನುಕೂಲ ಬೇಕು ಎಂಬುದನ್ನು ಬರೆದುಕೊಡಿ. ಬಸ್ ಹತ್ತಲಾಗದವರು ಆಟೊ ಖರ್ಚನ್ನೂ ಕೇಳಬೇಕು. ಸೇವೆ ಪುಕ್ಕಟೆ, ಪ್ರಯಾಣ ಪುಕ್ಕಟೆಯಲ್ಲ.

ಕೆಲಸ ಮುಗಿದಾಗ ಪ್ರಮಾಣಪತ್ರ ಕೇಳಿ. ಎಷ್ಟು ಗಂಟೆ, ಏನು ಮಾಡಿದಿರಿ ಎಂಬುದು ಅದರಲ್ಲಿರಬೇಕು. ‘ಕಾರ್ಯಕ್ರಮದಲ್ಲಿ ಪಾಲ್ಗೊಂಡಿದ್ದಾರೆ’ ಎಂದಷ್ಟೇ ಬರೆದಿದ್ದರೆ ಹಿಂದಿರುಗಿಸಿ, ತಿದ್ದಿಸಿಕೊಂಡು ಬನ್ನಿ.